ಸೂತಕವಿಲ್ಲದ ಕೈಗಳು

ಸೂತಕವು ಐದು ಬಗೆಯೆಂದು ಲೋಕದ ರೂಢಿ. ಮಗು ಹುಟ್ಟಿದರೆ ಜನನಸೂತಕ, ಜೀವ ಹೋದರೆ ಪ್ರೇತಸೂತಕ, ಸ್ತ್ರೀಯರ ಮಾಸಿಕ ಧರ್ಮಕ್ಕೆ ರಜಸ್ಸೂತಕ, ಎಂಜಲಿಗೆ ಉಚ್ಛಿಷ್ಟಸೂತಕ, ಕುಲದ ಹೆಸರಿನಲ್ಲಿ ಜಾತಿಸೂತಕ. ಹನ್ನೆರಡನೆಯ ಶತಮಾನದ ಶರಣರು ಈ ಐದನ್ನೂ ಕಳೆದೊಗೆದರೆಂಬುದನ್ನು ಲಿಂಗವಂತರ ಮನೆಯ ಎಳೆಯ ಮಕ್ಕಳೂ ಬಲ್ಲರು. ಮಠದ ಪಾಠಶಾಲೆಯಲ್ಲಿ ಪ್ರಶ್ನೆ ಕೇಳಿದರೆ ಬೆರಳು ಮಡಿಸುತ್ತ ಒಂದೊಂದಾಗಿ ಒಪ್ಪಿಸುತ್ತಾರೆ. ಒಪ್ಪಿಸುವುದು ಸುಲಭ. ಈ ಐದು ಸೂತಕಗಳೂ ಒಂದೇ ದಿನ, ಒಂದೇ ಸೂರಿನ ಕೆಳಗೆ, ಒಬ್ಬರ ಕೈಗೇ ಎದುರಾಗುವ ಸ್ಥಳ ಯಾವುದು? ಅದು ಪೂಜಾಗೃಹವಲ್ಲ, ಅನುಭಾವಗೋಷ್ಠಿಯೂ ಅಲ್ಲ. ಅದು ಆಸ್ಪತ್ರೆಯ ವಾರ್ಡು. ಆ ಕೈ ದಾದಿಯದು.

ಬೆಳಗಿನ ಜಾವ ಹುಟ್ಟಿದ ಶಿಶುವಿನ ಮೈಯನ್ನು ಒರೆಸುವವಳು ಅವಳು. ಬಾಣಂತಿಯ ರಕ್ತವನ್ನು ತೊಳೆಯುವವಳು ಅವಳು. ಕೈ ಎತ್ತಲಾರದ ಮುದುಕನಿಗೆ ಗಂಜಿ ಕುಡಿಸಿ, ಉಳಿದುದನ್ನು ಚೆಲ್ಲಿ, ಬಾಯಿ ಒರೆಸುವವಳೂ ಅವಳೇ. ಸಂಜೆಗೆ ಯಾರದೋ ಕಣ್ಣು ಮುಚ್ಚಿಸಿ, ದವಡೆ ಕಟ್ಟಿ, ಬಟ್ಟೆ ಹೊದಿಸುತ್ತಾಳೆ. ಇಷ್ಟರಲ್ಲಿ ಹಾಸಿಗೆಯ ಮೇಲಿರುವವನ ಕುಲವನ್ನು ಅವಳು ಕೇಳಿರುವುದಿಲ್ಲ. ಪಂಚಸೂತಕವಿಲ್ಲವೆಂದು ಬಾಯಿಯಲ್ಲಿ ಹೇಳುವವರಿಗೂ ಕೈಯಿಂದ ಮಾಡಿ ತೋರಿಸುವವರಿಗೂ ಇರುವ ಅಂತರವನ್ನು ಶರಣಬಂಧುಗಳು ಇಲ್ಲಿ ಗಮನಿಸಬೇಕು.

ಒಂದು ದೃಷ್ಟಾಂತ. ಇದು ಇಂಥವರ ಮನೆಯದೆಂದು ಹೇಳತಕ್ಕ ಕಥೆಯಲ್ಲ, ಹಲವು ಮನೆಗಳಿಗೆ ಒಪ್ಪುವಂಥದು. ಬಂಗಾರಪೇಟೆಯಲ್ಲಿ ಒಬ್ಬ ಸದ್ಗೃಹಸ್ಥ, ದಿನಸಿ ಅಂಗಡಿಯ ವ್ಯಾಪಾರಿ. ತ್ರಿಕಾಲ ಪೂಜೆಯನ್ನು ತಪ್ಪಿಸದವನು, ಜಂಗಮರು ಬಂದರೆ ದಾಸೋಹವನ್ನು ನಿಲ್ಲಿಸದವನು. ಅವನ ಮಗಳು ಓದಿನಲ್ಲಿ ಜಾಣೆ. ಒಂದು ದಿನ ಅವಳು ಕೋಲಾರದ ದಾದಿಯರ ಶಾಲೆಯ ಅರ್ಜಿಯೊಂದನ್ನು ತಂದು ತಂದೆಯ ಮುಂದಿಟ್ಟು, “ಅಪ್ಪಾ, ಇದಕ್ಕೆ ನಿಮ್ಮ ಸಹಿ ಬೇಕು” ಎಂದಳು. ತಂದೆ ಓದಿದ. ಮುಖ ಬಿಗಿಯಿತು. “ಕಂಡವರ ಮೈ ಮುಟ್ಟುವ ಕೆಲಸ, ಮಲಮೂತ್ರ ಬಾಚುವ ಕೆಲಸ. ನಮ್ಮ ಮನೆತನದ ಹೆಣ್ಣು ಮಾಡತಕ್ಕದ್ದಲ್ಲ” ಎಂದು ಅರ್ಜಿಯನ್ನು ಮಡಿಸಿ ಪೂಜಾಮಾಡದಲ್ಲಿ ವಿಭೂತಿಯ ಗಟ್ಟಿಯ ಕೆಳಗೆ ಇಟ್ಟುಬಿಟ್ಟ. ಹುಡುಗಿ ಮಾತಾಡಲಿಲ್ಲ. ಅಜ್ಜಿ ಒಳಗಿನಿಂದ ನೋಡುತ್ತಿದ್ದಳು. ಅರ್ಜಿ ಅಲ್ಲಿಯೇ ಇರಲಿ. ಅದಕ್ಕೆ ಸಹಿ ಬೀಳಬೇಕೋ ಬೇಡವೋ ಎಂಬುದನ್ನು ತೂಗಬೇಕಾದರೆ, ಆ ಕೆಲಸವನ್ನು ಮೊದಲು ಕೈಗೆತ್ತಿಕೊಂಡ ಹೆಂಗಸರ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಶುಶ್ರೂಷೆ ಎಂಬ ಶಬ್ದವನ್ನೇ ಮೊದಲು ವಿಚಾರಿಸಬಹುದು. ಶ್ರು ಎಂದರೆ ಕೇಳು. ಆ ಧಾತುವಿಗೆ ಇಚ್ಛಾರ್ಥದ ಸನ್ ಪ್ರತ್ಯಯ ಹತ್ತಿ ಆದ ರೂಪ ಶುಶ್ರೂಷಾ, ಅಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಲು ಕಾದಿರುವ ಶಿಷ್ಯನ ಸ್ಥಿತಿಯೇ ಮುಂದೆ ಸೇವೆ ಎಂಬ ಅರ್ಥಕ್ಕೆ ಹರಿಯಿತು. ನಡುರಾತ್ರಿಯಲ್ಲಿ ನರಳುವವನ ದನಿಗೆ ಕಿವಿಗೊಟ್ಟು ಕುಳಿತವಳ ಕೆಲಸಕ್ಕೆ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು. ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಹತ್ತಿರ ನಿಂತು ನೋಡಿಕೊಳ್ಳುವವನು. ಅವನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳಿರಬೇಕು. ನಾಲ್ಕು ಕಾಲಿನ ಮಂಚದಲ್ಲಿ ಒಂದು ಕಾಲು ಮುರಿದರೂ ಮಲಗಿದವನು ಉರುಳುತ್ತಾನೆ. ಇಷ್ಟು ಸ್ಪಷ್ಟವಾಗಿ ಶಾಸ್ತ್ರವೇ ಹೇಳಿದ್ದರೂ, ಆ ಮೂರನೆಯ ಕಾಲನ್ನು ಕೀಳೆಂದು ಬಗೆದುದು ಈ ದೇಶದ ದುರ್ದೈವ. ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೇ ಇದ್ದನು. ರೋಗ, ಮದ್ದು, ಪಥ್ಯಗಳ ಮಾತಿನಲ್ಲಿಯೇ ಅವನು ಅನುಭಾವವನ್ನು ಆಡಿದನು. ವೈದ್ಯನಿಗೆ ಸಂದ ಗೌರವ ಊರಿನ ಸೂಲಗಿತ್ತಿಗೆ ಮಾತ್ರ ಸಲ್ಲಲಿಲ್ಲ. ಹೆರಿಗೆಯ ಹೊತ್ತಿಗೆ ಅವಳನ್ನು ಓಡಿಹೋಗಿ ಕರೆತರುತ್ತಿದ್ದರು. ಮಗು ಅತ್ತ ಕೂಡಲೇ ಅವಳು ಎಷ್ಟೋ ಮನೆಗಳಲ್ಲಿ ಹಿತ್ತಿಲ ಬಾಗಿಲಿನವಳಾಗುತ್ತಿದ್ದಳು.

ಇಂಥ ತಿರಸ್ಕಾರ ಈ ನಾಡಿನದು ಮಾತ್ರವೆಂದು ತಿಳಿಯಬಾರದು. ಇಂಗ್ಲೆಂಡಿನ ಫ್ಲಾರೆನ್ಸ್ ನೈಟಿಂಗೇಲಳು 1820ರಲ್ಲಿ ಸಿರಿವಂತರ ಮನೆತನದಲ್ಲಿ ಹುಟ್ಟಿದಳು. 1845ರಲ್ಲಿ, ಹತ್ತಿರದ ಊರಿನ ಆಸ್ಪತ್ರೆಗೆ ಹೋಗಿ ಶುಶ್ರೂಷೆ ಕಲಿಯುತ್ತೇನೆಂದು ಅವಳು ಕೇಳಿದಾಗ ಮನೆಯವರು ಬಂಗಾರಪೇಟೆಯ ಗೃಹಸ್ಥನ ಮಾತನ್ನೇ ಆಡಿದರು. ಆಗ ಅಲ್ಲಿ ದಾದಿಯೆಂದರೆ ಬೇರೆಲ್ಲೂ ಕೆಲಸ ಸಿಗದ ಬಡವೆ, ಕುಡುಕಿ ಎಂಬ ಭಾವನೆಯಿತ್ತು. ಅವಳು ವರ್ಷಗಟ್ಟಲೆ ಕಾದಳು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಕೆಲವು ತಿಂಗಳು ಕಲಿತಳು. 1853ರಲ್ಲಿ ಲಂಡನ್ನಿನ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಾಗ, ತಂದೆ ಮನಸ್ಸು ತಿರುಗಿಸಿ ವರ್ಷಕ್ಕೆ 500 ಪೌಂಡುಗಳನ್ನು ಗೊತ್ತುಮಾಡಿದನು. ಮರುವರ್ಷವೇ ಕ್ರಿಮಿಯಾ ಯುದ್ಧ. 38 ಮಂದಿ ದಾದಿಯರೊಡನೆ 1854ರ ನವೆಂಬರಿನಲ್ಲಿ ಅವಳು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಳು. ಅಲ್ಲಿ ಗಾಯಕ್ಕಿಂತ ಹೊಲಸಿನಿಂದ, ಬೇಧಿಯಿಂದ, ಜ್ವರದಿಂದ ಸಾಯುವವರೇ ಬಹುಮಂದಿ. ರಾತ್ರಿ ಕೈಯಲ್ಲಿ ದೀಪ ಹಿಡಿದು ತಿರುಗಿದಳೆಂಬ ಚಿತ್ರವನ್ನೇ ಲೋಕವು ನೆನಪಿಟ್ಟುಕೊಂಡಿತು. ಅವಳ ಲೆಕ್ಕದ ಪುಸ್ತಕವನ್ನು ನೆನೆದವರು ಕಡಿಮೆ. ಎಷ್ಟು ಜನ ಸತ್ತರು, ಏತರಿಂದ ಸತ್ತರು ಎಂಬುದನ್ನು ಎಣಿಸಿ, ಬಣ್ಣದ ಚಿತ್ರವಾಗಿ ಬರೆದು ಮಂತ್ರಿಗಳ ಮುಂದಿಟ್ಟವಳು ಅವಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ತೆರೆಯಿತು. ಶುಶ್ರೂಷೆಯು ಕಲಿತು ಮಾಡುವ ವಿದ್ಯೆಯಾದುದು ಅಲ್ಲಿಂದ. ಭಾರತಕ್ಕೆ ಅವಳು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ದಂಡುಗಳ ನೀರು, ಚರಂಡಿ, ವಸತಿಗಳ ವಿಷಯದಲ್ಲಿ ದಶಕಗಳ ಕಾಲ ಬರೆದಳು. ಇಲ್ಲಿಯ ಬ್ರಿಟಿಷ್ ಸೈನ್ಯದಲ್ಲಿ ಸಾವಿರಕ್ಕೆ 69 ಇದ್ದ ಸಾವು ಸುಧಾರಣೆಗಳ ಬಳಿಕ 18ಕ್ಕೆ ಇಳಿಯಿತೆಂದು 1870ರ ದಶಕದಲ್ಲಿ ಅವಳು ತೋರಿಸಿದಳು. ಶೌಚವೆಂದರೆ ಮಡಿಬಟ್ಟೆಯಲ್ಲ, ಕೈ ತೊಳೆಯುವುದು, ಗಾಳಿ ಬಿಡುವುದು, ಹಾಸಿಗೆ ಬದಲಿಸುವುದು ಎಂದು ಅವಳು ತಿಳಿದಿದ್ದಳು. ಮಡಿಗೂ ಶುಚಿಗೂ ಇರುವ ಭೇದವನ್ನು ಇಲ್ಲಿಯ ಎಷ್ಟೋ ಪಂಡಿತರು ಇನ್ನೂ ತಿಳಿಯಬೇಕಾಗಿದೆ.

ಬಂಗಾರಪೇಟೆಯ ನಿಲ್ದಾಣದಿಂದ ರೈಲು ಪೂರ್ವಕ್ಕೆ ಹೊರಟರೆ ಜೋಲಾರಪೇಟೆ, ಮುಂದೆ ಕಾಟ್ಪಾಡಿ. ಅಲ್ಲಿಗೆ ಹತ್ತಿರವೇ ವೆಲ್ಲೂರು. ಚಿನ್ನದ ಗಣಿಗೆ ದುಡಿಯಲು ಬಂದ ಸಾವಿರಾರು ಕುಟುಂಬಗಳ ಮೂಲವೂ ಆ ಉತ್ತರ ಆರ್ಕಾಟು ಸೀಮೆಯೇ. ಆ ವೆಲ್ಲೂರಿನ ಆಸ್ಪತ್ರೆ ಹುಟ್ಟಿದ ಕಥೆಯನ್ನು ಇಲ್ಲಿ ಹೇಳದೆ ತೀರದು. 1890ರ ದಶಕದಲ್ಲಿ ಅಮೆರಿಕದ ಐಡಾ ಸ್ಕಡ್ಡರ್ ಎಂಬ ಹುಡುಗಿ ಕಾಯಿಲೆಯಾಗಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದಿದ್ದಳು. ತಂದೆ ಮಿಷನ್ ವೈದ್ಯ. ಅವಳಿಗೆ ಇಲ್ಲಿ ನಿಲ್ಲುವ ಮನಸ್ಸಿರಲಿಲ್ಲ. ಒಂದು ರಾತ್ರಿ ಒಬ್ಬರ ಹಿಂದೆ ಒಬ್ಬರಂತೆ ಮೂವರು ಗಂಡಸರು ಬಂದು ಬಾಗಿಲು ತಟ್ಟಿದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಒಬ್ಬ ಬೇರೆ ಮೇಲ್ಜಾತಿಯ ಹಿಂದೂ. ಮೂವರ ಹೆಂಡಿರಿಗೂ ಹೆರಿಗೆ ಕಷ್ಟವಾಗಿತ್ತು. ಹುಡುಗಿ, “ನನಗೆ ತಿಳಿಯದು, ನನ್ನ ತಂದೆಯನ್ನು ಕಳುಹಿಸುತ್ತೇನೆ” ಎಂದಳು. ಪರಪುರುಷನು ಅಂತಃಪುರಕ್ಕೆ ಬರಲಾಗದೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಬಾಣಂತಿಯರೂ ತೀರಿಹೋದ ಸುದ್ದಿ ಬಂತು. ಬೇರೆ ಬೇರೆ ದೇವರ ಮನೆಯವರು ಈ ಒಂದು ವಿಷಯದಲ್ಲಿ ಮಾತ್ರ ಒಮ್ಮತವಾಗಿದ್ದರು! ಆ ಹುಡುಗಿ ಅಮೆರಿಕಕ್ಕೆ ಮರಳಿ ವೈದ್ಯವಿದ್ಯೆ ಕಲಿತು 1900ರಲ್ಲಿ ವೆಲ್ಲೂರಿಗೆ ಬಂದಳು. ಒಬ್ಬ ವೈದ್ಯೆಯಿಂದ ಏನೂ ಸಾಗದೆಂದು ತಿಳಿದು 1909ರಲ್ಲಿ, ಡೆಲಿಯಾ ಹೌಟನ್ ಎಂಬ ದಾದಿಯ ನೆರವಿನಿಂದ, ಈ ದೇಶದ ಹೆಣ್ಣುಮಕ್ಕಳಿಗೆ ಶುಶ್ರೂಷೆಯ ಶಾಲೆಯನ್ನು ತೆರೆದಳು. ವಿಶ್ವವಿದ್ಯಾನಿಲಯದ ಪದವಿಯಾಗಿ ಶುಶ್ರೂಷೆಯನ್ನು ಕಲಿಸುವ ಕಾಲೇಜು 1946ರಲ್ಲಿ ಅಲ್ಲಿ ಆರಂಭವಾಯಿತು. ಅದೇ ವರ್ಷ ದಿಲ್ಲಿಯಲ್ಲಿಯೂ ಇನ್ನೊಂದು.

ಅದಕ್ಕೂ ಮೊದಲೇ ಮುಂಬಯಿಯಲ್ಲಿ ಬಾಯಿ ಕಾಶೀಬಾಯಿ ಗಣಪತ್ ಎಂಬಾಕೆ 1891ರಲ್ಲಿ ಕಾಮಾ ಆಸ್ಪತ್ರೆಯ ತರಬೇತಿಗೆ ಸೇರಿದ್ದಳು. ತರಬೇತಿ ಪಡೆದ ಭಾರತೀಯ ದಾದಿಯರಲ್ಲಿ ಅವಳನ್ನೇ ಮೊದಲಿಗಳೆಂದು ಎಣಿಸುತ್ತಾರೆ. ಪುಣೆಯ ಸಾವಿತ್ರಿಬಾಯಿ ಫುಲೆಯವರನ್ನು ಎಲ್ಲರೂ ಶಿಕ್ಷಕಿಯೆಂದು ಬಲ್ಲರು. ಪ್ಲೇಗು ಬಂದಾಗ ವೈದ್ಯನಾದ ಸಾಕುಮಗ ಯಶವಂತನೊಡನೆ ರೋಗಿಗಳ ಉಪಚಾರಕ್ಕೆ ನಿಂತರು; ರೋಗ ತಗುಲಿದ ಬಾಲಕನೊಬ್ಬನನ್ನು ಹೊತ್ತು ತಂದು ತಾವೇ ಆ ರೋಗಕ್ಕೆ ತುತ್ತಾಗಿ 1897ರ ಮಾರ್ಚ್ 10ರಂದು ತೀರಿಕೊಂಡರು. ಮರುವರ್ಷ ಅದೇ ಮಾರಿ ಬೆಂಗಳೂರಿಗೆ ಬಂತು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಆಳ್ವಿಕೆಯಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಹೆಂಗಸರು ಮಕ್ಕಳಿಗೆಂದೇ ವಾಣೀವಿಲಾಸ ಆಸ್ಪತ್ರೆ 1935ರಲ್ಲಿ ಬಂತು. ಕಟ್ಟಡಗಳನ್ನು ಕಟ್ಟುವುದು ಸರಕಾರಕ್ಕೆ ಕಷ್ಟವಲ್ಲ. ಒಳಗೆ ನಿಲ್ಲುವ ಹೆಂಗಸರನ್ನು ಹುಡುಕುವುದು ಕಷ್ಟ.

ಮೈಸೂರು ಸೀಮೆಯಲ್ಲಿ ಆ ಕೆಲಸಕ್ಕೆ ಮೊದಲು ಬಂದವರು ಬಹುಮಟ್ಟಿಗೆ ಕ್ರೈಸ್ತ ಸಂನ್ಯಾಸಿನಿಯರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸೋದರಿಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದರು. ಫ್ರಾನ್ಸಿನ ತಾರ್ಬ್ ಎಂಬಲ್ಲಿಯ ಸೇಂಟ್ ಜೋಸೆಫ್ ಸೋದರಿಯರು ದಂಡುಪ್ರದೇಶದ ಬೌರಿಂಗ್ ಆಸ್ಪತ್ರೆಯಲ್ಲಿ ಶುಶ್ರೂಷೆಗೆ ನಿಂತರು. ಆ ಬೌರಿಂಗನ ಹೆಸರೇ ಬಂಗಾರಪೇಟೆಗೂ ಇತ್ತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗನ ನೆನಪಿಗೆ ಅದನ್ನು ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದರು. ಕೋಲಾರಕ್ಕೆ ಬಂದರೆ, 1877ರ ಮಹಾಕ್ಷಾಮದಲ್ಲಿ ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳನ್ನು ಆನ್‌ಸ್ಟೀ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿ ಕೂಡಿಸಿ ಸಾಕಿದಳು. ಅವಳು ನೆಟ್ಟುದು 1890ರಲ್ಲಿ ಮೆಥಡಿಸ್ಟ್ ಮಿಷನ್ನಿನ ಕೈಗೆ ಬಂತು. ಮುಂದೆ ಹೆಂಗಸರಿಗಾಗಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ ಎದ್ದಿತು; ದಾದಿಯರ ಶಾಲೆಯೂ ಅದರ ಜೊತೆಗೆ ಬೆಳೆಯಿತು. ಸುತ್ತಣ ಸೀಮೆಯವರು ಅದನ್ನು ಇ.ಟಿ.ಸಿ.ಎಂ. ಎಂದೇ ಕರೆಯುತ್ತಾರೆ. ಅವರ ಮತ ಬೇರೆ, ಅವರ ಉದ್ದೇಶದಲ್ಲಿ ಮತಪ್ರಚಾರವೂ ಇತ್ತೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಸೂತಕವಿಲ್ಲವೆಂದು ಎಂಟು ನೂರು ವರ್ಷಗಳಿಂದ ಹೇಳುತ್ತಿದ್ದವರ ಮನೆಯ ಹೆಣ್ಣುಮಕ್ಕಳು ಆಗ ಎಲ್ಲಿದ್ದರೆಂದು ಯಾರಾದರೂ ಕೇಳಿದರೆ ಉತ್ತರವೇನು?

ಇನ್ನು ಚಿನ್ನದ ಗಣಿ. ಬಂಗಾರಪೇಟೆಯಿಂದ ಗಣಿಗೆ 1894ರಲ್ಲಿ ಕವಲು ರೈಲು ಬಂತು. ಚಾಂಪಿಯನ್ ರೀಫ್, ಊರಗಾಂ, ನಂದಿದುರ್ಗ, ಮೈಸೂರು ಎಂಬ ಗಣಿಗಳು ಭೂಮಿಯ ಒಳಗೆ ಇಳಿಯುತ್ತ ಹೋದವು; ಕಡೆಗೆ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಬಂಡೆಯೇ ಸುಡುತ್ತದೆ. ಒತ್ತಡ ತಾಳದೆ ಬಂಡೆ ಸಿಡಿಯುವುದನ್ನು ಅಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮೇಲೆ ಲೈನ್ ಮನೆಗಳ ಪಾತ್ರೆಗಳು ಅಲುಗಿದರೆ ಹೆಂಗಸರು ಗಣಿಯ ಬಾಯಿಗೆ ಓಡುತ್ತಿದ್ದರು. ಮುರಿದ ಕೈಕಾಲುಗಳು ಚಾಂಪಿಯನ್ ರೀಫಿನ ಗಣಿ ಆಸ್ಪತ್ರೆಗೆ ಬರುತ್ತಿದ್ದವು. ಆದರೆ ಸಿಡಿತಕ್ಕಿಂತ ಮೆಲ್ಲನೆ ಕೊಲ್ಲುವುದು ಇನ್ನೊಂದಿತ್ತು. ಚಿನ್ನವಿರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ಕುಳಿತು ಅದನ್ನು ಗಂಟುಗಂಟಾಗಿ ಗಟ್ಟಿಮಾಡುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗವು ಮೊದಲು ವರದಿಯಾದುದು ಕೋಲಾರದ ಗಣಿಗಳಿಂದಲೇ, 1934ರಲ್ಲಿ. 1940ರಲ್ಲಿ ಮೈಸೂರು ಸರಕಾರ ಅದಕ್ಕಾಗಿ ನಿಯಮಗಳನ್ನು ಮಾಡಿತು. ಆ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಯಲ್ಲಿ ಆ ರೋಗ ಕಂಡುಬಂತು.

ಈ ರೋಗಕ್ಕೆ ಮದ್ದಿಲ್ಲ. ಕ್ಷಯವು ಅದರ ಬೆನ್ನಿಗೆ ಬರುತ್ತದೆ. ವೈದ್ಯನು ಹೇಳಬೇಕಾದುದನ್ನು ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಾನೆ. ಔಷಧದ ಪಾದವೂ ಅಲ್ಲಿ ಕುಂಟುತ್ತದೆ. ಉಳಿಯುವುದು ಉಪಸ್ಥಾತೃವಿನ ಪಾದ ಒಂದೇ. ಮಲಗಿದರೆ ಉಸಿರು ಕಟ್ಟುವವನನ್ನು ದಿಂಬು ಒಟ್ಟಿ ಕೂರಿಸಬೇಕು, ಕಫದ ಪಾತ್ರೆ ಹಿಡಿಯಬೇಕು, ಬೆವರಿದ ಬೆನ್ನನ್ನು ಒರೆಸಬೇಕು, ರಾತ್ರಿಯೆಲ್ಲ ಆ ಉಸಿರಿನ ಸದ್ದನ್ನು ಕೇಳುತ್ತಿರಬೇಕು. ಶುಶ್ರೂಷೆಯ ಧಾತ್ವರ್ಥ ಅಲ್ಲಿ ಮೈತಾಳುತ್ತದೆ. ಆ ಕಾಲದ ದಾದಿಯರಲ್ಲಿ ಆಂಗ್ಲೋ-ಇಂಡಿಯನ್ ಹಾಗೂ ದೇಶೀಯ ಕ್ರೈಸ್ತ ಹೆಂಗಸರೇ ಹೆಚ್ಚು. ಹಾಸಿಗೆಯಲ್ಲಿದ್ದವರಲ್ಲಿ ಬಹುಮಂದಿ ಊರ ಹೊರಗಿನ ಕೇರಿಗಳಿಂದ ಬಂದ ತಮಿಳು, ತೆಲುಗು ಕಾರ್ಮಿಕರು. ತಮ್ಮ ಹುಟ್ಟೂರಿನಲ್ಲಿ ಬಾವಿಯ ನೀರು ಸೇದಲು ಬಿಡದವರ ಮೈಯನ್ನು ಇಲ್ಲಿ ಬಿಸಿನೀರಿನಿಂದ ತೊಳೆಯುವವರಿದ್ದರು. ಆ ದಾದಿಯರ ಹೆಸರುಗಳನ್ನು ಯಾವ ಶಿಲೆಯ ಮೇಲೂ ಕೊರೆದಿಲ್ಲ. ನೂರಿಪ್ಪತ್ತು ವರ್ಷಗಳಲ್ಲಿ ಆ ಗಣಿಗಳಿಂದ ತೆಗೆದ ಚಿನ್ನ ಸುಮಾರು 800 ಟನ್ನು ಎನ್ನುತ್ತಾರೆ. ದಾರಿಯಲ್ಲಿ ಬಿದ್ದ ಪರರ ಹೊನ್ನನ್ನು ಮುಟ್ಟೆನೆಂಬ ನಿಲುವಿನವಳು ಶರಣೆ ಸತ್ಯಕ್ಕ. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಅಂಥವಳು ಆ ಊರಿಗೆ ಬಂದಿದ್ದರೆ ಹೇಳುತ್ತಿದ್ದಳು.

ಸಂಬಳಕ್ಕೆ ಮಾಡುವ ಕೆಲಸ ಸೇವೆ ಹೇಗಾದೀತೆಂದು ಕೆಲವರು ಆಕ್ಷೇಪಿಸುವುದುಂಟು. ಆಯ್ದಕ್ಕಿ ಲಕ್ಕಮ್ಮನ ಮನೆಯವರಿಗೆ ಈ ಸಂಶಯ ಬರಲಿಲ್ಲ. ಮಾರಯ್ಯ ದಿನದ ಕಾಯಕಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅವಳು ಅದನ್ನು ಹಿಂದಕ್ಕೆ ಸುರಿದು ಬರಹೇಳಿದಳು. ಕಾಯಕಕ್ಕೆ ಸಲ್ಲುವಷ್ಟನ್ನು ಬೇಡವೆನ್ನಲಿಲ್ಲ. ಹನ್ನೆರಡು ಗಂಟೆ ನಿಂತು ದುಡಿಯುವ ದಾದಿ ತನ್ನ ಪಾಲನ್ನು ಕೇಳಿದರೆ ಅದರಲ್ಲಿ ದೋಷವಿಲ್ಲ. ಪಾಲಿಲ್ಲದೆಯೂ ಮಾಡಿದವರಿದ್ದಾರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಓದು ಬಾರದವಳು. ಅಜ್ಜಿಯಿಂದ ವಿದ್ಯೆ ಕಲಿತು, ಎಪ್ಪತ್ತು ವರ್ಷಗಳ ಕಾಲ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದಳು. 2018ರಲ್ಲಿ ಭಾರತ ಸರಕಾರ ಅವಳಿಗೆ ಪದ್ಮಶ್ರೀ ಕೊಟ್ಟಿತು. ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡಳು. ಹಿತ್ತಿಲ ಬಾಗಿಲಿನವಳು ರಾಷ್ಟ್ರಪತಿಭವನದ ಮುಂಬಾಗಿಲಿನಿಂದ ಹೋದಳು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ಆಸ್ಪತ್ರೆಯೂ ಬೀಗ ಬಿದ್ದು ಧೂಳು ತಿಂದಿತು. ಇಪ್ಪತ್ತು ವರ್ಷ ಕಳೆದು 2021ರಲ್ಲಿ ಕೋವಿಡ್ ಮಾರಿ ಹೆಚ್ಚಿದಾಗ, ಊರಿನ ಸ್ವಯಂಸೇವಕರು ಆ ಪಾಳುವಾರ್ಡುಗಳನ್ನು ಗುಡಿಸಿ ತೊಳೆದು ರೋಗಿಗಳಿಗೆಂದು ಸಿದ್ಧಪಡಿಸಿದರು. ಆ ಎರಡು ವರ್ಷಗಳಲ್ಲಿ ನಾಡಿನ ಎಷ್ಟೋ ಕಡೆ ಹೆತ್ತ ಮಕ್ಕಳೇ ತಂದೆಯ ಶವವನ್ನು ಮುಟ್ಟಲು ಅಂಜಿ ದೂರ ನಿಂತುದನ್ನು ಎಲ್ಲರೂ ಕಂಡಿದ್ದಾರೆ. ಪ್ರೇತಸೂತಕವು ಹೊಸ ಹೆಸರಿನಿಂದ ಮರಳಿ ಬಂದಿತ್ತು. ಆ ಶವದ ಕಣ್ಣನ್ನು ಮುಚ್ಚಿಸಿದವಳು, ಮೈತುಂಬ ಪ್ಲಾಸ್ಟಿಕ್ಕಿನ ಅಂಗಿ ತೊಟ್ಟು ಬೆವರಿನಲ್ಲಿ ನೆನೆದ ದಾದಿ.

ಬಂಗಾರಪೇಟೆಯ ಮನೆಯಲ್ಲಿ ಅರ್ಜಿ ಇನ್ನೂ ವಿಭೂತಿಯ ಕೆಳಗಿದೆ. ಮರುದಿನ ಪೂಜೆಗೆ ಕುಳಿತ ಗೃಹಸ್ಥನ ಕೈಗೆ ಅದು ತಗುಲಿತು. ಅಜ್ಜಿ ಬಾಗಿಲಲ್ಲಿ ಬಂದು ನಿಂತಳು. “ಏನಪ್ಪ ಅದು?” ಎಂದು ಕೇಳಿದಳು, ತಿಳಿದೂ.

“ನಿನ್ನ ಮೊಮ್ಮಗಳ ಅರ್ಜಿ ಕಣಮ್ಮ. ದಾದಿಯರ ಶಾಲೆಯದು.”

“ನೀನು ಹುಟ್ಟಿದಾಗ ನನಗೆ ಮೂರು ದಿನ ನೋವು. ನಿಮ್ಮಪ್ಪ ಎತ್ತಿನ ಗಾಡಿಯಲ್ಲಿ ಕೋಲಾರದ ಆಸ್ಪತ್ರೆಗೆ ಸಾಗಿಸಿದರು. ಒಬ್ಬ ನರ್ಸಮ್ಮ ಇದ್ದಳು, ಕಪ್ಪಗೆ, ಸಣ್ಣಗೆ. ನೀನು ಅಳಲಿಲ್ಲ. ಅವಳು ನಿನ್ನ ಮೂಗು ಬಾಯಿಯ ಗೊನ್ನೆಯನ್ನು ತನ್ನ ಬಾಯಿಂದ ಎಳೆದು ಉಗುಳಿದಳು. ಆಮೇಲೆ ಅತ್ತೆ. ಅವಳ ಕುಲ ಯಾವುದೆಂದು ನಿಮ್ಮಪ್ಪ ಕೇಳಲಿಲ್ಲ. ಅಯ್ಯನವರು ಬಂದು ನಿನಗೆ ಲಿಂಗ ಕಟ್ಟಿದ್ದು ಅದಾದ ಮೇಲೆ.”

ಗೃಹಸ್ಥ ಸುಮ್ಮನೆ ಕುಳಿತಿದ್ದ. ಪೂಜೆ ಮುಗಿಯುವುದು ಆ ದಿನ ತಡವಾಯಿತು. ಕರಸ್ಥಲದ ಲಿಂಗವನ್ನು ಕರಡಿಗೆಯಲ್ಲಿ ಕಟ್ಟಿಕೊಂಡು, ಕೈಗೆ ಹತ್ತಿದ ವಿಭೂತಿಯನ್ನು ಒರೆಸಿಕೊಳ್ಳದೆ ಅರ್ಜಿಯನ್ನು ಬಿಡಿಸಿ, ಮಗಳನ್ನು ಕೂಗಿ, “ಲೇಖನಿ ತಾರಮ್ಮ” ಎಂದ.